ಕರಿಬೇವಿನ ಗಿಡಕ್ಕೆ ಹಾಕಿದ ನೀರು

ಬಕೆಟ್ ತುಂಬ ನೀರನ್ನು ಮೋರಿಗೆ ಚೆಲ್ಲಿ, ಏನೂ ಆಗದವರ ಹಾಗೆ ಕೈ ಒರೆಸಿಕೊಂಡು ಒಳಗೆ ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಬೆರಗು. ಅಷ್ಟು ಎದೆಗಾರಿಕೆ ನನಗೆ ಈ ಜನ್ಮದಲ್ಲಿ ಬರಲಿಲ್ಲ. ಚಾಮರಾಜಪೇಟೆಯ ನಮ್ಮ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಅದೂ ಅದಕ್ಕೆ ಮನಸ್ಸು ಬಂದ ಹೊತ್ತಿಗೆ. ಒಂದು ಬೇಸಿಗೆಯಲ್ಲಿ ಪಕ್ಕದ ರಸ್ತೆಯ ಬೋರ್‌ವೆಲ್ಲುಗಳೆಲ್ಲ ಗಾಳಿ ಉಗುಳಿ ಸುಮ್ಮನಾದವು. ಟ್ಯಾಂಕರ್ ಬಂದಾಗ ಬೀದಿಯ ಗೌರವಸ್ಥರೆಲ್ಲ ಬಿಂದಿಗೆ ಹಿಡಿದು, ಒಬ್ಬರಿಗೊಬ್ಬರು ಗುರುತೇ ಇಲ್ಲದವರ ಹಾಗೆ ಸಾಲಿನಲ್ಲಿ ನಿಂತಿದ್ದರು. ಒಮ್ಮೆ ಬಳಸಿದ ನೀರು ನಮ್ಮ ಮನೆಯಿಂದ ಹೊರಗೆ ಹೋಗುವುದನ್ನು ನಾನು ಅವತ್ತೇ ನಿಲ್ಲಿಸಿದೆ. ಅಕ್ಕಿ ತೊಳೆದ ನೀರು ಗುಲಾಬಿಗೆ, ಸೊಪ್ಪು ತೊಳೆದದ್ದು ದಾಸವಾಳಕ್ಕೆ, ಬಟ್ಟೆ ಜಾಲಿಸಿದ್ದು ಟಾಯ್ಲೆಟ್ಟಿಗೆ. ನನ್ನ ಭಾಮೈದ ಒಂದು ಸಲ ಊಟ ಮಾಡಿ ಕೈ ತೊಳೆಯಲು ಎದ್ದಾಗ ಅವನ ಕೈ ಕೆಳಗೆ ನಾನು ಬಕೆಟ್ ಒಡ್ಡಿದೆನೆಂದು ಇವತ್ತಿಗೂ ಅವನು ನಮ್ಮ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ. "ಇವರ ಕೈಗೆ ಸಿಕ್ಕಿದ ನೀರಿಗೆ ಮುಕ್ತಿ ಅನ್ನೋದೇ ಇಲ್ಲ" ಎಂದು ನನ್ನ ಹೆಂಡತಿ ಸುಮಿತ್ರ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದೆ.

ಇದರಲ್ಲೆಲ್ಲ ನನಗೆ ತುಂಬ ಪ್ರಿಯವಾದದ್ದು ನೆಲ ಒರೆಸಿದ ನೀರು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ರಿಟೈರ್ ಆದ ಮೇಲೆ, ನೆಲ ಒರೆಸುವ ಕೆಲಸವನ್ನು ನಾನೇ ಕೇಳಿ ಇಸಿದುಕೊಂಡೆ. ಬೇರೆಯವರ ಕೈಗೆ ಕೊಟ್ಟರೆ ಫಿನಾಯಿಲ್ ಸುರಿಯುತ್ತಾರೆ, ಗಿಡ ಸಾಯುತ್ತದೆ ಎನ್ನುವುದು ನನ್ನ ವಾದ. ಫಿನಾಯಿಲ್ ಇಲ್ಲದೆ ಒರೆಸಿದ ನೆಲ ನೆಲವೇ ಅಲ್ಲ ಎನ್ನುವುದು ಸುಮಿತ್ರಳ ವಾದ. ಕೊನೆಗೆ ಬರೀ ನೀರಿಗೆ ಒಪ್ಪಂದವಾಗಿ, ಅವಳು ಮೂಗು ಮುರಿಯಬಹುದು, ಆದರೆ ಮಾತಾಡುವ ಹಾಗಿಲ್ಲ ಎಂದಾಯಿತು. ಒಂದೊಂದು ಕೋಣೆಯ ನೀರಿಗೆ ಒಂದೊಂದು ಬಣ್ಣ. ದೇವರ ಮನೆಯದು ಕುಂಕುಮ ಕದಡಿದ ತಿಳಿಗೆಂಪು, ಅಡುಗೆಮನೆಯದು ಜಿಡ್ಡಿನ ಬೂದು, ನಡುಮನೆಯದು ಕಾಫಿಗೆ ಹತ್ತಿರ. ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಿಂಡಿ, ಕಸ ಕೆಳಗೆ ಇಳಿಯಲಿ ಎಂದು ಇಡೀ ದಿನ ಹಿತ್ತಲಿನಲ್ಲಿ ಇಟ್ಟು, ಮರುದಿನ ಬೆಳಿಗ್ಗೆ ಕರಿಬೇವಿನ ಗಿಡಕ್ಕೆ ಹಾಕುವುದು ನನ್ನ ಪದ್ಧತಿ. ಒಂದು ದಿನ ಊಟಕ್ಕೆ ಕೂತಾಗ ಸುಮಿತ್ರಳಿಗೆ ಇದರ ಮಹತ್ವ ತಿಳಿಸಿದೆ. ಧೂಳು ಅಂದರೆ ಬೀದಿಯಿಂದ ಬಂದ ಮಣ್ಣು ಮಾತ್ರ ಅಲ್ಲ, ನಮ್ಮ ಮೈಯಿಂದ ಉದುರಿದ ಚರ್ಮ, ಕೂದಲು, ಉಗುರಿನ ಚೂರು ಎಲ್ಲ ಸೇರಿರುತ್ತದೆ, ಅದಕ್ಕೇ ಗಿಡಕ್ಕೆ ಅಷ್ಟು ಪುಷ್ಟಿ ಎಂದೆ. ಅವಳು ತುತ್ತನ್ನು ತಟ್ಟೆಗೇ ವಾಪಸ್ ಇಟ್ಟಳು. "ಅಂದ್ರೆ ದಿನಾ ನಮ್ಮನ್ನೇ ಬಸಿದು ಆ ಗಿಡಕ್ಕೆ ಕುಡಿಸ್ತಿದೀರ?" ಎಂದಳು. ಒಂದು ರೀತಿಯಲ್ಲಿ ಹೌದು ಎಂದೆ. ಹಾಗೆ ಹೇಳಬಾರದಿತ್ತು ಅಂತ ಈಗ ಅನ್ನಿಸುತ್ತದೆ.

ಹಿತ್ತಲು ಅನ್ನುವುದು ದೊಡ್ಡ ಮಾತು. ಬಚ್ಚಲ ಗೋಡೆಗೂ ಕಾಂಪೌಂಡಿಗೂ ನಡುವೆ, ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕಾದಷ್ಟು ಜಾಗ. ಅಲ್ಲಿ ಬಿಸಿಲು ಅಪರೂಪ. ಕರಿಬೇವು ವರ್ಷಗಟ್ಟಲೆ ನನ್ನ ಎದೆಮಟ್ಟಕ್ಕಿಂತ ಮೇಲೇಳದೆ, ಒಗ್ಗರಣೆಗೆ ನಾಲ್ಕು ಎಲೆ ಕೊಡುವುದಕ್ಕೂ ಹಿಂದೆ ಮುಂದೆ ನೋಡುತ್ತಿತ್ತು. ನನ್ನ ಬಕೆಟ್ಟಿನ ನೀರಿಗೂ ಅದು ಅಂಥ ಮರ್ಯಾದೆ ಕೊಟ್ಟಿರಲಿಲ್ಲ. ಬದಲಾವಣೆ ಆದದ್ದು ನಮ್ಮ ಮಗಳು ವೀಣಾ ಬಾಣಂತನಕ್ಕೆ ಬಂದ ಮೇಲೆ.

ವೀಣಾಳ ಅತ್ತೆಮನೆ ಎನ್.ಆರ್. ಕಾಲೋನಿಯಲ್ಲಿ, ಆಟೋ ಹತ್ತಿ ಸರಿಯಾಗಿ ಕೂರುವಷ್ಟರಲ್ಲಿ ಸಿಗುವ ದೂರ. ಆದರೂ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಹೆಣ್ಣುಮಗು. ನಾಮಕರಣದಲ್ಲಿ ಇಟ್ಟ ಹೆಸರು ಉದ್ದವಾಗಿದೆ, ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ನಡುಮನೆಯ ಪಕ್ಕದ ಕೋಣೆಗೆ ಬೆಳ್ಳುಳ್ಳಿ, ಬಜೆ, ಹರಳೆಣ್ಣೆ, ಸಾಂಬ್ರಾಣಿ ಹೊಗೆಯ ವಾಸನೆ ಹತ್ತಿತು. ಆ ಕೋಣೆಯ ನೆಲ ಒರೆಸಿದ ನೀರು ಬಿಳಿಚಿಕೊಂಡ ಬೂದಿಯ ಬಣ್ಣಕ್ಕಿರುತ್ತಿತ್ತು. ಕೆಲವೊಮ್ಮೆ ಅದರ ಮೇಲೆ ಕಣ್ಣಿಗೆ ಕಂಡೂ ಕಾಣದಂಥ ಎಳೆಗೂದಲು ಸುರುಳಿಯಾಗಿ ತೇಲುತ್ತಿತ್ತು. ಒರೆಸುವ ನೆಪದಲ್ಲಿ ಒಳಗೆ ಹೋದವನು ತೊಟ್ಟಿಲ ಹತ್ತಿರ ಒರೆಸುವ ಕೋಲು ಊರಿ ನಿಂತುಬಿಟ್ಟರೆ ನಾನು ಹೊರಗೆ ಬರುವುದು ಯಾವಾಗಲೋ. ಏನು ಹಣೆ, ಎಂಥ ಬೆರಳು. ವೀಣಾ ಹುಟ್ಟಿದಾಗ ನಾನು ಮನೆಮನೆಗೆ ಟ್ಯೂಷನ್ ಹೇಳುತ್ತ ತಿರುಗುತ್ತಿದ್ದೆ; ಇಷ್ಟು ಹತ್ತಿರದಿಂದ, ಇಷ್ಟು ಬಿಡುವಾಗಿ ಒಂದು ಮಗುವನ್ನು ನಾನು ನೋಡಿದ್ದೇ ಇಲ್ಲ. ಹೊಟ್ಟೆ ತುಂಬದವನ ಹಾಗೆ ನೋಡುತ್ತಿದ್ದೆ. ಪುಟ್ಟಿ ಮಾತ್ರ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕಿವಿಯ ಪಕ್ಕದಿಂದ, ಭುಜದ ಮೇಲಿಂದ, ಹಿಂದಿನ ಕಿಟಕಿಯ ಕಡೆ ನೋಡುತ್ತಿದ್ದಳು. ಎಳೆಗೂಸಿನ ಕಣ್ಣು ಇನ್ನೂ ನಿಂತಿರುವುದಿಲ್ಲ, ಬೆಳಕು ಇದ್ದ ಕಡೆ ಹೋಗುತ್ತದೆ ಅಂತ ನನಗೆ ಗೊತ್ತು. ಆದರೆ ಆ ಕಿಟಕಿಯಲ್ಲಿ ಬೆಳಕು ಇರಲಿಲ್ಲ. ಅದು ಹಿತ್ತಲಿಗೆ ತೆರೆಯುವ ಕಿಟಕಿ.

ದೀಪ ಹಚ್ಚುವ ಹೊತ್ತಿಗೆ ಅಳು ಶುರುವಾಗುತ್ತಿತ್ತು. ಹಸಿವಿನ ಅಳು, ನಿದ್ದೆಯ ಅಳು ಯಾವುದೆಂದು ಮನೆಯವರಿಗೆ ಗೊತ್ತಾಗುತ್ತದೆ. ಇದು ಅವೆರಡೂ ಅಲ್ಲ. ಮುಷ್ಟಿ ಬಿಗಿದು, ಮೈ ಸೆಟೆದು, ಯಾರೋ ಎಳೆದುಕೊಂಡು ಹೋಗುತ್ತಿದ್ದಾರೆ ಎನ್ನುವ ಹಾಗೆ ಅಳುತ್ತಿದ್ದಳು. ಡಾಕ್ಟರು ತೂಕ ನೋಡಿ, ಹೊಟ್ಟೆ ಒತ್ತಿ ನೋಡಿ, "ಕೆಲವು ಮಕ್ಕಳು ಸಾಯಂಕಾಲ ಹೀಗೇ ಅಳ್ತಾವೆ ಸಾರ್, ಮೂರು ತಿಂಗಳು ತುಂಬ್ತಿದ್ದ ಹಾಗೆ ತಾನೇ ನಿಲ್ಲುತ್ತೆ" ಎಂದರು. ನನಗೆ ಸಮಾಧಾನವಾಯಿತು. ವೀಣಾಳಿಗೆ ಆಗಲಿಲ್ಲ. ಮಗು ಅಳುವುದಕ್ಕೆ ಎಷ್ಟೋ ಮೊದಲೇ, ಬಿಸಿಲು ಇಳಿಯುತ್ತಿದ್ದ ಹಾಗೇ, ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಒಂದು ಸಂಜೆ ಮಂಚದ ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತು, "ನನ್ನ ಹಾಲೇ ಅವಳಿಗೆ ಆಗ್ತಿಲ್ಲ ಅಪ್ಪ. ವಿಷ ಕುಡಿಸಿದ ಹಾಗೆ ಅಳ್ತಾಳೆ. ನನ್ನ ಕೈಲಿ ಇವಳು ಉಳೀತಾಳಾ?" ಎಂದು ಕೇಳಿದಳು. ಜೀವಮಾನವೆಲ್ಲ ಬಾಯಿ ಬಡಿದುಕೊಂಡು ಪಾಠ ಹೇಳಿದವನು ಎದ್ದು ಹೋಗಿ ಅವಳಿಗೆ ಒಂದು ಲೋಟ ಬಿಸಿನೀರು ತಂದುಕೊಟ್ಟೆ.

ಡಾಕ್ಟರಿಗಿಂತ ಮೊದಲೇ ಸುಮಿತ್ರ ಕಾರಣ ಕಂಡುಹಿಡಿದಿದ್ದಳು. ದೃಷ್ಟಿ. ತಟ್ಟೆಯಲ್ಲಿ ನೀರು, ಅದಕ್ಕೆ ಅರಿಶಿನ, ಮೇಲೆ ಒಂದು ಚಿಟಿಕೆ ಸುಣ್ಣ. ಕಣ್ಣೆದುರಿಗೇ ನೀರು ರಕ್ತದ ಬಣ್ಣಕ್ಕೆ ತಿರುಗುತ್ತದೆ. ಅರಿಶಿನಕ್ಕೆ ಕ್ಷಾರ ಸೇರಿದರೆ ಕೆಂಪಾಗುತ್ತದೆ ಅಂತ ಸ್ಕೂಲಿನ ಲ್ಯಾಬಿನಲ್ಲಿ ವರ್ಷವರ್ಷವೂ ತೋರಿಸಿದವನು ನಾನೇ. ಆದರೆ ಮಬ್ಬು ಕೋಣೆಯಲ್ಲಿ, ಅಳುವ ಮಗುವಿನ ಮುಂದೆ, ಅದೇ ನೀರು ಬೇರೆ ಥರ ಕಾಣುತ್ತದೆ. ಸುಮಿತ್ರ ತಟ್ಟೆ ನಿವಾಳಿಸುತ್ತ, ತಗ್ಗಿದ ದನಿಯಲ್ಲಿ ಹೋದವರ ಕಣ್ಣು, ಬಂದವರ ಕಣ್ಣು, ಹೊರಗಿನವರ ಕಣ್ಣು, ಒಳಗಿನವರ ಕಣ್ಣು ಎಂದು ಒಂದೊಂದಾಗಿ ಹೇಳುತ್ತಿದ್ದಳು. ಒಳಗಿನವರು ಯಾರೇ ಎಂದು ಕೇಳಿದೆ. "ನಾವೇ ರೀ. ಬೇರೆಯವರು ಹೊಟ್ಟೆಕಿಚ್ಚಿಂದ ನೋಡೋದಕ್ಕಿಂತ ಮನೆಯವರು ಪ್ರೀತಿಯಿಂದ ನೋಡೋದೇ ಜಾಸ್ತಿ ತಗಲೋದು" ಎಂದಳು. ನಾನು ನಕ್ಕೆ.

ಆಮೇಲೆ ಆ ತಟ್ಟೆ ನನ್ನ ಕೈಗೆ ಬರುತ್ತಿತ್ತು. ಆ ನೀರನ್ನು ಮನೆಯ ಗಡಿಯೊಳಗೆ ಚೆಲ್ಲುವ ಹಾಗಿಲ್ಲ. ಮೂರು ದಾರಿ ಕೂಡುವ ಕಡೆ ಹೊಯ್ದು, ಹಿಂದಕ್ಕೆ ತಿರುಗಿ ನೋಡದೆ ಬರಬೇಕು. ಅಂಥ ಜಾಗ ನಮ್ಮ ಬೀದಿಯ ತುದಿಯಲ್ಲೇ ಇದೆ. ಕಷ್ಟ ಏನೆಂದರೆ ಅಲ್ಲೇ ಒಂದು ಕಾಫಿ ಅಂಗಡಿಯೂ ಇದೆ, ಸಾಯಂಕಾಲ ಲೋಟ ಹಿಡಿದು ಅಲ್ಲಿ ನಿಲ್ಲುವವರಲ್ಲಿ ಸುಮಾರು ಜನ ನನ್ನ ಹಳೇ ವಿದ್ಯಾರ್ಥಿಗಳು. ಮೂಢನಂಬಿಕೆಯ ಮೇಲೆ ಅವರಿಂದ ಪ್ರಬಂಧ ಬರೆಸಿ, ಸಾಲದು ಎಂದು ಅಂಕ ಕಡಿಮೆ ಕೊಟ್ಟವನು ನಾನು. ಅವರ ಮುಂದೆ ಕೆಂಪು ನೀರಿನ ತಟ್ಟೆ ಹಿಡಿದುಕೊಂಡು ಹೋಗುವುದೇ? ಸಾಲದ್ದಕ್ಕೆ ಅದು ನೀರು, ತಟ್ಟೆ ತುಂಬ ಒಳ್ಳೆಯ ನೀರು, ಡಾಂಬರಿಗೆ ಹೊಯ್ಯಬೇಕಂತೆ. ಹಾಗಾಗಿ ನಾನು ಹಿತ್ತಲ ಬಾಗಿಲಿಂದ ಹೊರಟು, ಬಚ್ಚಲ ಗೋಡೆಯ ಮರೆಯಲ್ಲಿ ಸ್ವಲ್ಪ ಹೊತ್ತು ನಿಂತು, ತಟ್ಟೆಯನ್ನು ನೆಲ ಒರೆಸಿದ ನೀರಿನ ಬಕೆಟ್ಟಿಗೆ ಬಗ್ಗಿಸಿ, ಬೀದಿ ತಿರುಗಿ ಬಂದವನ ಹಾಗೆ ಕಾಲು ತೊಳೆದು ಒಳಗೆ ಬರುತ್ತಿದ್ದೆ. ಬೆಳಿಗ್ಗೆ ಆ ಬಕೆಟ್ ಕರಿಬೇವಿಗೆ ಹೋಗುತ್ತಿತ್ತು.

ಸುಣ್ಣದ ನೀರು ಕರಿಬೇವಿಗೆ ಆಗಿಬರುವುದಿಲ್ಲ. ಅದಕ್ಕೆ ಹುಳಿ ಮಜ್ಜಿಗೆ ಇಷ್ಟ. ಸುಣ್ಣ ಬಿದ್ದರೆ ಎಲೆ ಹಳದಿಯಾಗಬೇಕು. ಪುಸ್ತಕ ಹಾಗೆ ಹೇಳುತ್ತದೆ. ನಮ್ಮ ಗಿಡ ಪುಸ್ತಕ ಓದಿರಲಿಲ್ಲ. ಎಲೆ ಕಪ್ಪು ಅನ್ನುವಷ್ಟು ಹಸಿರಾಯಿತು. ಕಿತ್ತ ಕಡೆಯೆಲ್ಲ ಮತ್ತೆ ಚಿಗುರಿತು. ನೋಡನೋಡುತ್ತ ಕಾಂಪೌಂಡ್ ದಾಟಿ, ಒಂದು ಕೊಂಬೆ ಬಾಣಂತಿ ಕೋಣೆಯ ಕಿಟಕಿಯ ಸರಳಿಗೆ ಬಂದು ಒರಗಿಕೊಂಡಿತು. ಹಿತ್ತಲ ಬಾಗಿಲು ತೆಗೆದರೆ, ಯಾರೋ ಹೊಸ್ತಿಲಾಚೆ ಮುಖಕ್ಕೆ ಮುಖ ಕೊಟ್ಟು ನಿಂತಿದ್ದ ಹಾಗೆ ವಾಸನೆ ಬಂದು ಬಡಿಯುತ್ತಿತ್ತು. ಆ ಗೋಡೆಯ ಮೇಲೆ ದಿನಾ ಮಲಗುತ್ತಿದ್ದ ಬೆಕ್ಕು ಈಗ ಗಿಡದ ತನಕ ಬಂದು, ನಿಂತು, ಕೆಳಗೆ ಹಾರಿ ಸುತ್ತಿಕೊಂಡು ಹೋಗುತ್ತಿತ್ತು. ಗಾಳಿ ಇಲ್ಲದ ಸಂಜೆಯಲ್ಲಿ, ಒಳಗೆ ಪುಟ್ಟಿ ಅಳು ಶುರು ಮಾಡಿದಾಗ, ಎಲೆಗಳು ಸಣ್ಣಗೆ ಅಲುಗುತ್ತಿದ್ದವು. ಅಳಿಲು ಇರಬೇಕೆಂದು ಹತ್ತಿರ ಹೋಗಿ ನೋಡಿದೆ. ಅಳಿಲು ಇರಲಿಲ್ಲ. ಅಳು ನಿಂತಾಗ ಎಲೆಯೂ ನಿಂತಿತು. ನಾನು ಈ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿದರೆ ನನಗೇ ಕೇಳಿಸಿಬಿಡುತ್ತದಲ್ಲ ಅನ್ನುವ ಹೆದರಿಕೆ. ಸುಮಿತ್ರಳಿಗೆ ಮಾತ್ರ ಖುಷಿಯೋ ಖುಷಿ. "ನಿಮ್ಮ ಕೊಳೆ ನೀರಿಗೆ ಕೊನೆಗೂ ಬೆಲೆ ಬಂತು ನೋಡಿ" ಎಂದು ಸೆರಗಿನ ತುಂಬ ಎಲೆ ಕಿತ್ತು, ನೆರಳಲ್ಲಿ ಒಣಗಿಸಿ, ಮೆಣಸು ಜೀರಿಗೆ ಹಾಕಿ ಪುಡಿ ಮಾಡಿ ಡಬ್ಬಿ ತುಂಬಿದಳು. ಬಾಣಂತಿಗೆ ದಿನಾ ಮೊದಲನೇ ತುತ್ತು ಬಿಸಿ ಅನ್ನ, ತುಪ್ಪ, ಕರಿಬೇವಿನ ಪುಡಿ. ಹಾಲು ಚೆನ್ನಾಗಿ ಬರುತ್ತದೆ ಅಂತ.

ಒಂದು ಮಧ್ಯಾಹ್ನ ವೀಣಾ ಆ ಮೊದಲನೇ ತುತ್ತನ್ನು ಕಲಸುತ್ತಿದ್ದಳು. ನಾನು ಎದುರಿಗೆ ಕೂತು ಸುಮ್ಮನೆ ನೋಡುತ್ತಿದ್ದೆ. ಕ್ಲಾಸಿನಲ್ಲಿ ನೀರಿನ ಚಕ್ರ ಹೇಳಿಕೊಡುವಾಗ ಬೋರ್ಡಿನ ಮೇಲೆ ಬಾಣದ ಗುರುತು ಹಾಕುತ್ತಿದ್ದೆ, ಸಮುದ್ರದಿಂದ ಮೋಡಕ್ಕೆ, ಮೋಡದಿಂದ ಮಳೆಗೆ. ಯಾವುದೂ ಕಳೆದುಹೋಗುವುದಿಲ್ಲ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ ಎಂದಾಗ ಹಿಂದಿನ ಬೆಂಚಿನ ನಾಗರಾಜ ಎಂಬ ಹುಡುಗ ಎದ್ದು, "ಹಂಗಾದ್ರೆ ಸತ್ತೋರು ಕುಡಿದ ನೀರೇ ನಾವೂ ಕುಡಿಯೋದಾ ಸಾರ್?" ಎಂದು ಕೇಳಿದ್ದ. ತಲೆಹರಟೆ ಎಂದು ಅವನನ್ನು ಹೊರಗೆ ನಿಲ್ಲಿಸಿದ್ದೆ. ಈಗ ಊಟದ ಮನೆಯಲ್ಲಿ ಅಂಥದೇ ಬಾಣಗಳು ತಾವಾಗಿ ನನ್ನ ತಲೆಯೊಳಗೆ ಬಿದ್ದವು. ಮಗುವಿನ ಮೈಮೇಲಿಂದ ತಟ್ಟೆಗೆ, ತಟ್ಟೆಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಬೇರಿಗೆ, ಬೇರಿಂದ ಎಲೆಗೆ, ಎಲೆಯಿಂದ ಡಬ್ಬಿಗೆ, ಡಬ್ಬಿಯಿಂದ ಅನ್ನಕ್ಕೆ, ಅನ್ನದಿಂದ ಹಾಲಿಗೆ. ಹಾಲಿನಿಂದ ಎಲ್ಲಿಗೆ ಎಂದು ಬರೆಯಬೇಕಾಗಿರಲಿಲ್ಲ. ಸುಮಿತ್ರ ಸಂಜೆ ಮಗುವಿನಿಂದ ತೆಗೆದದ್ದನ್ನು ನಾನು ಮಧ್ಯಾಹ್ನ ಮಗುವಿಗೇ ವಾಪಸ್ ಕಳಿಸುತ್ತಿದ್ದೆ, ಅದೂ ಸುತ್ತಿನಿಂದ ಸುತ್ತಿಗೆ ಇನ್ನಷ್ಟು ಗಟ್ಟಿ ಮಾಡಿ. ದೃಷ್ಟಿ ಎನ್ನುವುದು ಇಲ್ಲ, ಇಲ್ಲದ್ದು ಸುತ್ತುವುದೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ನನ್ನ ಕೈ ಮುಂದೆ ಹೋಗಿ ಅವಳ ತಟ್ಟೆಯನ್ನು ಎಳೆದುಕೊಂಡಾಗಿತ್ತು. "ಯಾಕಪ್ಪ?" ಎಂದಳು. ಕೂದಲು ಬಿದ್ದಿತ್ತು ಎಂದೆ.

ಅವತ್ತಿನಿಂದ ನಾನು ತೊಟ್ಟಿಲ ಹತ್ತಿರ ಸುಳಿಯಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಆ ಕೋಣೆಯನ್ನು ಗೋಡೆ ಕಡೆ ಮುಖ ಮಾಡಿಕೊಂಡೇ ಒರೆಸಿ ಬರುತ್ತಿದ್ದೆ. ಪುಡಿಯ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಸುಮಿತ್ರ ಹೊಸದು ಮಾಡಲು ಎಲೆ ಕೀಳಲು ಹೊರಟಳು. ನಾನು ಗಾಂಧಿಬಜಾರಿಗೆ ಓಡಿ ಚೀಲ ತುಂಬ ಕರಿಬೇವು ಕೊಂಡು ತಂದೆ. "ಹಿತ್ತಲಲ್ಲಿ ಮರದಷ್ಟು ಇರುವಾಗ ದುಡ್ಡು ಕೊಟ್ಟು ತಂದ್ರಾ? ನೀವಾ?" ಎಂದು ಸುಮಿತ್ರ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಕೊಳೆ ನೀರು ಕುಡಿದ ಗಿಡದ ಎಲೆ ತಿನ್ನಬಾರದಂತೆ ಎಂದು ತೊದಲಿದೆ. "ಇಷ್ಟು ದಿನ ಪುಷ್ಟಿ ಅಂದ್ರಿ" ಎಂದಳು. ಇರುವುದನ್ನು ಹೇಳಿಬಿಡೋಣ ಎಂದು ಬಾಯಿ ತೆಗೆದೆ. ಒಳಗೆ ವೀಣಾ ಮಗುವನ್ನು ತೂಗುತ್ತ ಏನೋ ಹಾಡುತ್ತಿದ್ದಳು, ದನಿ ನಡುನಡುವೆ ಒಡೆಯುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಕೊಂಡು ತಂದದ್ದು ಬಾಡಿ ಹಾಳಾಗುತ್ತದಲ್ಲ ಅನ್ನುವ ಸಂಕಟಕ್ಕೆ ಸುಮಿತ್ರ ಆ ಸೊಪ್ಪನ್ನೇ ಬಳಸಿದಳು.

ಆ ಸಂಜೆ ತಟ್ಟೆ ಹಿಡಿದು ಮುಂಬಾಗಿಲಿನಿಂದಲೇ ಹೊರಟೆ. ಕಾಫಿ ಅಂಗಡಿಯ ಮುಂದಿದ್ದವರೆಲ್ಲ ಲೋಟ ಹಿಡಿದೇ ನನ್ನ ಕಡೆ ತಿರುಗಿದರು. ಸ್ಕೂಟರಿನಿಂದ ಒಬ್ಬ ಇಳಿದು ಬಂದ. ಅದೇ ಹಿಂದಿನ ಬೆಂಚಿನ ನಾಗರಾಜ. ಈಗ ಬಳೇಪೇಟೆಯಲ್ಲಿ ಬಳೆಯ ಹೋಲ್‌ಸೇಲ್ ವ್ಯಾಪಾರ, ತಲೆ ನನಗಿಂತ ಬೆಳ್ಳಗಾಗಿದೆ. "ಏನ್ ಮೇಷ್ಟ್ರೇ ಇದು?" ಎಂದು ತಟ್ಟೆಯೊಳಗೆ ಇಣುಕಿದ. ಅರಿಶಿನಕ್ಕೆ ಕ್ಷಾರ ಸೇರಿದರೆ, ಎಂದು ಶುರು ಮಾಡಿದೆ. ಅವನು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. "ಮಗೂಗಾ ಸಾರ್?" ಎಂದು ತಗ್ಗಿದ ದನಿಯಲ್ಲಿ ಕೇಳಿ, ಸ್ಕೂಟರನ್ನು ಅಡ್ಡ ನಿಲ್ಲಿಸಿ, ಬರುತ್ತಿದ್ದ ಗಾಡಿಗಳನ್ನು ಕೈ ಮಾಡಿ ತಡೆದ. "ಹೊಯ್ಯಿ ಸಾರ್, ಯಾರೂ ತುಳಿಯಲ್ಲ." ಬಗ್ಗಿ ಹೊಯ್ದೆ. ರಸ್ತೆ ಅಲ್ಲಿ ಆಚೆ ಕಡೆಗೆ ಇಳಿಜಾರು. ಕೆಂಪು ನೀರು ಅತ್ತ ಹರಿಯದೆ ಒಂದು ಗಳಿಗೆ ತಡೆದು ನಿಂತು, ನಮ್ಮ ಮನೆಯ ಕಡೆಗೆ ನಾಲಿಗೆ ಚಾಚಿದ ಹಾಗೆ ಕಂಡಿತು. "ತಿರುಗಿ ನೋಡ್ಬೇಡಿ, ಹೋಗಿ ಸಾರ್" ಎಂದ ನಾಗರಾಜ. ನೋಡಲಿಲ್ಲ. ಮರುದಿನ ಅವನೇ ಮನೆಗೆ ಬಂದು ಪುಟ್ಟಿಗೆ ಒಂದು ಜೊತೆ ಕಪ್ಪು ಬಳೆ ಕೊಟ್ಟು ಹೋದ.

ಅದೇ ವಾರ ಅಳು ನಿಂತಿತು. ದೀಪ ಹಚ್ಚಿದ್ದಾಯಿತು, ಮೂವರೂ ಉಸಿರು ಹಿಡಿದು ಕಾದೆವು, ಏನೂ ಇಲ್ಲ. ಅಳುವಾಗ ಆಗುತ್ತಿದ್ದ ಭಯ ಇದರ ಮುಂದೆ ಏನೇನೂ ಅಲ್ಲ. ಸುಮಿತ್ರ ಹೋಗಿ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಪುಟ್ಟಿ ಕೈಕಾಲು ಆಡಿಸುತ್ತ, ಕಿಟಕಿಯ ಕಡೆ ನೋಡಿಕೊಂಡು ನಗುತ್ತಿದ್ದಳಂತೆ. ವೀಣಾ ಹೊಟ್ಟೆ ತುಂಬ ಉಂಡು, ಎಷ್ಟೋ ದಿನದ ಮೇಲೆ ಗೊರಕೆ ಹೊಡೆದು ಮಲಗಿದಳು. ಆ ಗೊರಕೆ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ಸಂತೋಷಪಟ್ಟು ಸುಮ್ಮನಿರಬೇಕಾದವನು, ಮೇಷ್ಟ್ರ ಬುದ್ಧಿ ನೋಡಿ, ಯೋಚನೆ ಮಾಡಲು ಕೂತೆ. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಇದನ್ನು ಎಷ್ಟು ಮಕ್ಕಳ ಕಿವಿ ಹಿಂಡಿ ಹೇಳಿದ್ದೇನೆ. ಈಗ ನೋಡಿದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದೇನೆ. ಮಗುವಿಗೆ ಮೂರು ತಿಂಗಳು ತುಂಬಿತು, ಹಾಗಾದರೆ ಡಾಕ್ಟರು ಹೇಳಿದ್ದು ಸರಿ. ಕಪ್ಪು ಬಳೆ ಬಂತು, ಹಾಗಾದರೆ ನಾಗರಾಜ ಮಾಡಿದ್ದು ಸರಿ. ಗಿಡದ ಎಲೆ ತಿನ್ನುವುದನ್ನು ಬಿಟ್ಟೆವು, ತಟ್ಟೆಯ ನೀರು ಬೀದಿಗೆ ಹೋಯಿತು, ಹಾಗಾದರೆ ಸುಮಿತ್ರ ಸರಿ, ತಪ್ಪು ನಾನು. ಇಷ್ಟೇ ಆಗಿದ್ದರೂ ನುಂಗಿಕೊಂಡು ಇರುತ್ತಿದ್ದೆ. ಆದರೆ ಇನ್ನೊಂದೂ ಬದಲಾಗಿತ್ತು, ಅದು ನನ್ನೊಬ್ಬನಿಗೇ ಗೊತ್ತು. ಆ ವಾರವೆಲ್ಲ ನಾನು ಮಗುವಿನ ಮುಖ ನೋಡಿರಲಿಲ್ಲ. ಒಳಗಿನವರ ಕಣ್ಣು ಅಂದಳಲ್ಲ ಸುಮಿತ್ರ, ಈ ಮನೆಯೊಳಗೆ ಕೆಲಸವಿಲ್ಲದೆ, ಕೋಲು ಊರಿ ನಿಂತು, ಆಸೆಬುರುಕನ ಹಾಗೆ ಆ ಮಗುವನ್ನು ನೋಡಿದವನು ಇನ್ಯಾರು?

ಪರೀಕ್ಷೆ ಮಾಡಿ ನೋಡುವುದು ಸುಲಭ. ಮಿಕ್ಕದ್ದೆಲ್ಲ ಹಾಗೇ ಇರಲಿ, ಒಂದು ಬೆಳಿಗ್ಗೆ ಹೋಗಿ ತೊಟ್ಟಿಲಲ್ಲಿ ಕಣ್ಣು ತುಂಬ ನೋಡಿ ಬಂದು ಸಂಜೆಗೆ ಕಾದರಾಯಿತು. ಅಳದಿದ್ದರೆ ಎಲ್ಲ ಸುಳ್ಳು, ನಾನು ಮತ್ತೆ ದಿನಾ ನೋಡಬಹುದು. ಬೆಳಿಗ್ಗೆ ಎದ್ದು ಬಕೆಟ್ ಹಿಡಿದು ಆ ಬಾಗಿಲ ತನಕ ಹೋಗುತ್ತೇನೆ. ದೃಷ್ಟಿಯನ್ನು ನಾನು ಇವತ್ತಿಗೂ ನಂಬುವುದಿಲ್ಲ. ಅಲ್ಲೇ ನಿಂತು, ಮಗು ತೊಟ್ಟಿಲಲ್ಲಿ ಕಾಲು ಬಡಿಯುವ ಸದ್ದು ಕೇಳಿಸಿಕೊಂಡು, ಗೋಡೆ ಕಡೆ ತಿರುಗಿ ನೆಲ ಒರೆಸಿ ಬರುತ್ತೇನೆ.

ಮೊನ್ನೆ ಸಂಜೆ ಕರಿಬೇವಿನ ಬುಡದಲ್ಲಿ ನಿಂತಿದ್ದೆ. ವೀಣಾ ಹಿತ್ತಲ ಬಾಗಿಲಿಗೆ ಬಂದು, "ಇವಳನ್ನ ಸ್ವಲ್ಪ ಹಿಡ್ಕೋ ಅಪ್ಪ. ಈಚೆಗೆ ನೀನು ಎತ್ತಿಕೊಳ್ಳೋದೇ ಇಲ್ಲ. ನಾಡಿದ್ದು ನಾವು ಹೊರಡ್ತೀವಿ, ಆಮೇಲೆ ಬೇಕು ಅಂದ್ರೂ ಸಿಗಲ್ಲ" ಎಂದು ಪುಟ್ಟಿಯನ್ನು ನನ್ನ ಕೈಗೆ ಹಾಕಿ ಒಳಗೆ ಹೋದಳು. ನಾನು ಕಣ್ಣು ಮುಚ್ಚಿಕೊಂಡೆ. ಎದೆಯ ಮೇಲೆ ಬೆಚ್ಚನೆಯ ಭಾರ, ಕತ್ತಿನ ಹತ್ತಿರ ಹಾಲಿನ ವಾಸನೆ. ಗಾಳಿ ಇರಲಿಲ್ಲ, ಆದರೂ ಬೆನ್ನ ಹಿಂದೆ ಎಲೆಗಳು ಸರಿದಾಡಿದವು. ಪುಟ್ಟಿ ಯಾರನ್ನೋ ಕಂಡು ಕಿಲಕಿಲ ನಕ್ಕಳು. ನನ್ನನ್ನೋ, ನನ್ನ ಹಿಂದೆ ಇದ್ದದ್ದನ್ನೋ, ಕಣ್ಣು ಬಿಟ್ಟರೆ ತಾನೇ ಗೊತ್ತಾಗುವುದು. ಸ್ವಲ್ಪ ಹೊತ್ತಿಗೆ ಒದ್ದೆ ಬೆರಳುಗಳು ನನ್ನ ಗಲ್ಲ, ಮೂಗು ತಡಕುತ್ತ ಮೇಲೆ ಬಂದು, ರೆಪ್ಪೆಯನ್ನು ಹಿಡಿದು ಎಳೆದವು. ನಾನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡೆ. ಬಾಗಿಲ ಕಡೆಯಿಂದ ಸುಮಿತ್ರಳ ದನಿ ಬಂತು. "ಏನ್ರೀ, ಮಗು ಎತ್ಕೊಂಡು ಕಣ್ಣು ಮುಚ್ಕೊಂಡು ನಿಂತಿದೀರ?" ಕಣ್ಣಿಗೆ ಹುಳ ಬಿತ್ತು ಕಣೇ ಎಂದೆ. ಬಂದು ಮಗುವನ್ನು ಇಸ್ಕೋ ಎಂದು ಮಾತ್ರ ಹೇಳಲಿಲ್ಲ.